ಸೂಜಿ ಇರುವಾಗ ಹೇಳಬಾರದ ಸುದ್ದಿ

2022ರಲ್ಲಿ ನಾನು ಮೈಸೂರಿನ ಪಶ್ಚಿಮ ಭಾಗದ ಒಂದು ಖಾಸಗಿ ಆಸ್ಪತ್ರೆಯ ಡಯಾಲಿಸಿಸ್ ಘಟಕದಲ್ಲಿ ಇನ್‌ಚಾರ್ಜ್ ಸಿಸ್ಟರ್ ಆಗಿದ್ದೆ. ನಿವೃತ್ತಿಗೆ ಹೆಚ್ಚು ಕಾಲ ಉಳಿದಿರಲಿಲ್ಲ. ಕೊರೊನಾ ಇಳಿದು ಊರಿನವರ ಮಾಸ್ಕ್ ಗಲ್ಲಕ್ಕೆ ಬಂದಿತ್ತು. ನಮ್ಮ ಘಟಕದ ಬಾಗಿಲಲ್ಲಿ ಮಾತ್ರ ಅದು ಮತ್ತೆ ಮೂಗಿನ ಮೇಲೆ ಏರುತ್ತಿತ್ತು, ಏಕೆಂದರೆ ಬಾಗಿಲಲ್ಲಿ ನಾನಿರುತ್ತಿದ್ದೆ. ಆಸ್ಪತ್ರೆಯ ಹೆಸರು ಇಲ್ಲಿ ಬೇಡ. ಈ ಬರಹದಲ್ಲಿ ಬರುವವರ ಹೆಸರುಗಳನ್ನೂ ಬದಲಿಸಿದ್ದೇನೆ.

ಡಯಾಲಿಸಿಸ್ ಎಂದರೇನೆಂದು ತಿಳಿಯದವರಿಗೆ ಎರಡು ಮಾತು. ಕಿಡ್ನಿ ಕೆಲಸ ನಿಲ್ಲಿಸಿದಾಗ ರಕ್ತವನ್ನು ಯಂತ್ರದಲ್ಲಿ ಹಾಯಿಸಿ ಶುದ್ಧ ಮಾಡುವುದೇ ಡಯಾಲಿಸಿಸ್. ತೋಳಿನ ರಕ್ತನಾಳಕ್ಕೆ ಎರಡು ದಪ್ಪ ಸೂಜಿ ಚುಚ್ಚುತ್ತೇವೆ. ಒಂದರಿಂದ ರಕ್ತ ಯಂತ್ರಕ್ಕೆ ಹೋಗುತ್ತದೆ, ಇನ್ನೊಂದರಿಂದ ವಾಪಸು ಬರುತ್ತದೆ. ಒಂದು ಸಲಕ್ಕೆ ನಾಲ್ಕು ಗಂಟೆ, ವಾರಕ್ಕೆ ಮೂರು ಸಲ. ಮೂತ್ರ ಹೋಗದ ರೋಗಿ ಕುಡಿದ ನೀರೆಲ್ಲ ಮೈಯಲ್ಲೇ ನಿಲ್ಲುತ್ತದೆ. ಡಯಾಲಿಸಿಸ್ ತಪ್ಪಿಸಿದರೆ ಆ ನೀರು ಶ್ವಾಸಕೋಶ ತುಂಬುತ್ತದೆ, ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯ ನಿಲ್ಲಲೂಬಹುದು. ಹಾಗಾಗಿ ನಮ್ಮಲ್ಲಿ ಒಬ್ಬ ರೋಗಿ ‘ಇನ್ನು ಸಾಕು’ ಎಂದರೆ ಅದು ಬೇಸರದ ಮಾತಲ್ಲ, ಸಾಯುತ್ತೇನೆ ಎನ್ನುವ ಮಾತು.

ಇಂಥ ಕಡೆ ಅನುಮಾನವೂ ಒಂದು ಉಪಕರಣ. ‘ಒಂದೇ ಲೋಟ ನೀರು ಕುಡ್ದೆ ಸಿಸ್ಟರ್’ ಎನ್ನುವವರನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿದರೆ ಬಿಂದಿಗೆಯೇ ಹೊರಬೀಳುತ್ತದೆ. ಪೊಟ್ಯಾಸಿಯಂ ತುಂಬಿದ ಎಳನೀರು ಈ ರೋಗಿಗಳಿಗೆ ವಿಷವೆಂದು ಎಷ್ಟು ಹೇಳಿದರೂ ‘ಕಿಡ್ನಿಗೆ ತಂಪು’ ಎಂದು ಮನೆಯವರು ಕದ್ದು ಕುಡಿಸುತ್ತಾರೆ. ನಾನು ಬ್ಯಾಗುಗಳನ್ನು ತಡಕುತ್ತಿದ್ದೆ, ಉಸಿರು ಮೂಸುತ್ತಿದ್ದೆ. ‘ಹಾಲಿನವನು ನಮಸ್ಕಾರ ಹೇಳಿದರೂ ನಿನಗೆ ನೀರು ಬೆರೆಸಿದ್ದಾನೆ ಅನಿಸುತ್ತದೆ’ ಎಂದು ನನ್ನ ಗಂಡ ರೇಗಿಸುತ್ತಿದ್ದರು. ಬೆರೆಸಿರುತ್ತಿದ್ದ ಕೂಡ.

ಆ ವರ್ಷ ನನ್ನ ನಿದ್ದೆಗೆಡಿಸಿದ ರೋಗಿ ಬಸವಲಿಂಗಪ್ಪನವರು. ಎಪ್ಪತ್ತು ದಾಟಿದ್ದರು, ರಾಮಕೃಷ್ಣನಗರದಲ್ಲಿ ಮನೆ. ಬಹಳ ಕಾಲ ಬೆಲ್ಲದ ಮಂಡಿ ನಡೆಸಿದವರಾದ್ದರಿಂದ ನಮಗೆಲ್ಲ ಅವರು ‘ಯಜಮಾನರು’. ಬೆಲ್ಲದಿಂದ ಬದುಕು ಕಟ್ಟಿ ಸಕ್ಕರೆ ಕಾಯಿಲೆಯಿಂದ ಕಿಡ್ನಿ ಕಳೆದುಕೊಂಡಿದ್ದೇನೆ ಎಂದು ತಮ್ಮನ್ನು ತಾವೇ ನಗೆಯಾಡಿಕೊಳ್ಳುತ್ತಿದ್ದರು. ಹಣೆಗೆ ವಿಭೂತಿ ಇಲ್ಲದೆ ಯಂತ್ರದ ಮುಂದೆ ಕೂತವರಲ್ಲ. ನಾನು ತೂಕ ನೋಡಿ ಹೇಳಿದರೆ, ಕನ್ನಡಕ ಹಾಕಿಕೊಂಡು ತಾವೂ ಬಗ್ಗಿ ಮುಳ್ಳು ನೋಡಿ ಖಾತ್ರಿ ಮಾಡಿಕೊಳ್ಳುತ್ತಿದ್ದರು. ಅನುಮಾನದಲ್ಲಿ ನನಗೆ ಸರಿಸಮನಾದ ಮನುಷ್ಯ ಸಿಕ್ಕಿದ್ದು ಆಗಲೇ.

ಅವರ ಹೆಂಡತಿ ಗುರುಸಿದ್ದಮ್ಮನವರು ಆ ವರ್ಷದ ಆರಂಭದಲ್ಲಿ ಮನೆಯಲ್ಲಿ ಕುಸಿದು ಬಿದ್ದು ತೀರಿಕೊಂಡರು. ಆ ಹೊತ್ತಿಗೆ ಇವರು ನಮ್ಮಲ್ಲಿ ಯಂತ್ರದ ಮೇಲಿದ್ದರು. ಮಗ ಮಹೇಶ್ ಘಟಕಕ್ಕೆ ಫೋನ್ ಮಾಡಿ ನನಗೆ ವಿಷಯ ಹೇಳಿದರು. ನಮ್ಮಲ್ಲಿ ಒಂದು ನಿಯಮವಿತ್ತು: ತೋಳಿನಲ್ಲಿ ಸೂಜಿ ಇರುವಾಗ ರೋಗಿಗೆ ಕೆಟ್ಟ ಸುದ್ದಿ ಹೇಳಬಾರದು. ದುಃಖಕ್ಕೆ ಬಿ.ಪಿ. ತಟ್ಟನೆ ಬೀಳುತ್ತದೆ, ಕೈ ಜಗ್ಗಿದರೆ ಸೂಜಿ ಕಿತ್ತು ರಕ್ತ ಚಿಮ್ಮುತ್ತದೆ. ಈ ನಿಯಮವನ್ನು ನಾನು ಹೊಸ ರೋಗಿಗಳ ಮನೆಯವರಿಗೆಲ್ಲ ಮೊದಲ ದಿನವೇ ಹೇಳುತ್ತಿದ್ದೆ. ಡಾಕ್ಟರನ್ನು ಕೇಳಿದೆ, ಮುಗಿಯಲಿ ಎಂದರು. ಬಸವಲಿಂಗಪ್ಪನವರು ಮನೆ ತಲುಪುವ ಹೊತ್ತಿಗೆ ಗುರುಸಿದ್ದಮ್ಮನವರನ್ನು ಮೀಯಿಸಿ, ವಿಭೂತಿ ಧರಿಸಿ, ಗೋಡೆಗೊರಗಿಸಿ ಕೂರಿಸಿಯಾಗಿತ್ತು. ಬೀದಿ ತುಂಬ ಜನ. ಊರಿಗೆಲ್ಲ ಗೊತ್ತಿತ್ತು, ಅವರಿಗೆ ಮಾತ್ರ ಗೊತ್ತಿರಲಿಲ್ಲ.

ಅದಾದ ಮೇಲೆ ಅವರು ಅತ್ತದ್ದನ್ನು ಯಾರೂ ನೋಡಲಿಲ್ಲ. ಮಾತು ಬಿಟ್ಟರು. ವಾರಕ್ಕೊಂದು ಡಯಾಲಿಸಿಸ್ ತಪ್ಪಿಸತೊಡಗಿದರು. ಬಂದ ದಿನವೂ ಗೋಡೆಗೆ ಮುಖ ಮಾಡಿ ಮಲಗುತ್ತಿದ್ದರು. ‘ಯಾಕ್ರೀ ಯಜಮಾನ್ರೇ ಬರ್ಲಿಲ್ಲ?’ ಎಂದರೆ ‘ಸಾಕು ಬುಡಿ ಸಿಸ್ಟರ್’ ಎನ್ನುವುದು. ಆಪ್ತಸಲಹೆಗಾರ್ತಿಯೊಬ್ಬರನ್ನು ಕರೆಸಿದೆವು. ಆಕೆ ಕೇಳಿದ ಪ್ರಶ್ನೆಗಳಿಗೆಲ್ಲ ಇವರು ‘ನಿಮ್ಗೆ ಮದ್ವೆ ಆಗದ್ಯಾ?’ ಎಂದು ಒಂದೇ ಪ್ರಶ್ನೆ ಕೇಳಿ ಕಳಿಸಿಬಿಟ್ಟರು.

ಪಕ್ಕದ ಹಾಸಿಗೆಯಲ್ಲಿ ಗೌತಮ್ ಎಂಬ ರೋಗಿ ಇದ್ದರು. ಹಿನಕಲ್ ಕಡೆಯವರು, ಬೌದ್ಧ ಕುಟುಂಬ, ಸಿಟಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ಬಸ್ಸು ಕೊನೆಯ ಸ್ಟಾಪಿನಲ್ಲಿ ನಿಂತಾಗಲೆಲ್ಲ ಕಾದಂಬರಿ ಓದುತ್ತಿದ್ದರಂತೆ. ಸಕ್ಕರೆ ಕಾಯಿಲೆ ಕಿಡ್ನಿಯ ಜೊತೆಗೆ ಅವರ ಕಣ್ಣನ್ನೂ ತೆಗೆದುಕೊಂಡಿತ್ತು. ಅವರಿಗೆ ಅವರ ತಂಗಿ ಸುಜಾತಾ ಓದಿ ಹೇಳುತ್ತಿದ್ದರು. ಮನೆಯಲ್ಲೇ ಬ್ಲೌಸು ಹೊಲಿಯುವ ಹೆಣ್ಣುಮಗಳು. ಜೊತೆಯವರನ್ನು ಒಳಗೆ ಬಿಡುವ ಪದ್ಧತಿ ನಮ್ಮಲ್ಲಿರಲಿಲ್ಲ. ಕಣ್ಣಿಲ್ಲದ ರೋಗಿಯೆಂದು ಡಾಕ್ಟರು ಒಪ್ಪಿದ್ದರಿಂದ ನಾನೂ ಸುಮ್ಮನಿದ್ದೆ, ಬ್ಯಾಗು ನೋಡಿ ಬಿಡುತ್ತಿದ್ದೆ.

ಕಾದಂಬರಿಯ ಮೇಲೆ ನನಗೆ ಯಾವತ್ತೂ ನಂಬಿಕೆ ಇಲ್ಲ. ಆದದ್ದನ್ನು ಆಯಿತೆಂದು ಹೇಳುವವರನ್ನೇ ನಂಬುವುದು ಕಷ್ಟ, ಇನ್ನು ಆಗದ್ದನ್ನು ಆಯಿತೆಂದು ಬರೆಯುವವರನ್ನು ಏನು ನಂಬುವುದು! ಆಕೆ ಓದುತ್ತಿದ್ದುದು ಒಂದು ದಪ್ಪ ಪುಸ್ತಕ. ಊರ ಹೊರಗಿನ ಕೇರಿಯ ಈರಮ್ಮ ಎಂಬ ಹೆಂಗಸಿನ ಕಥೆ. ಅವಳ ಗಂಡ ಪಟ್ಟಣದ ಮಂಡಿಯೊಂದರಲ್ಲಿ ಮೂಟೆ ಹೊರುವ ಹಮಾಲಿ. ಅಷ್ಟು ಕಿವಿಗೆ ಬೀಳುತ್ತಿತ್ತು, ಅದಕ್ಕಿಂತ ಹೆಚ್ಚು ಕೇಳಲು ನನಗೆ ಪುರುಸೊತ್ತಿರಲಿಲ್ಲ.

ಬಸವಲಿಂಗಪ್ಪನವರು ಮೊದಲ ವಾರ ಸಿಡುಕಿದರು. ‘ಏನ್ ಸಿಸ್ಟರ್, ಆಸ್ಪತ್ರೆನೋ ಪುರಾಣದ ಕಟ್ಟೆನೋ? ನನ್ ಹಾಸ್ಗೆ ಬದ್ಲಾಯ್ಸಿ’ ಎಂದರು. ಬದಲಾಯಿಸಲು ಬೇರೆ ಯಂತ್ರ ಖಾಲಿ ಇರಲಿಲ್ಲ. ಆಮೇಲೊಂದು ದಿನ ಗೋಡೆಯ ಕಡೆ ತಿರುಗಿದ್ದ ತಲೆ ಇದ್ದಕ್ಕಿದ್ದಂತೆ ಇತ್ತ ತಿರುಗಿತು.

‘ಏನಮ್ಮಾ, ಯಾವೋನು ಬರ್ದಿರೋದು ಅದು? ಬೇಸ್ಗೇಲಿ ಬೆಲ್ಲದ ಮೂಟೆ ಒದ್ದೆ ಅಂತಾನಲ್ಲ? ಬೆಲ್ಲ ಬೆವರೋದು ಮಳೆಗಾಲ್ದಲ್ಲಿ ಕಣಮ್ಮ. ಮಂಡಿ ಕಂಡೋನಲ್ಲ ಅವ್ನು.’

ಸುಜಾತಾ ಗಾಬರಿಯಾಗಿ ಪುಸ್ತಕ ಮಡಚಿದರು. ಗೌತಮ್ ಮಾತ್ರ ಕಣ್ಣು ಮುಚ್ಚಿಕೊಂಡೇ ಹೇಳಿದರು: ‘ಅದು ಬೆಲ್ಲದ ಬೆವರಲ್ಲ ಯಜಮಾನ್ರೇ. ಹೊತ್ತೋನ ಬೆವರು.’

ಆ ದಿನದಿಂದ ಯಜಮಾನರು ಗೋಡೆಗೆ ತಿರುಗಲಿಲ್ಲ. ಕಣ್ಣು ಮುಚ್ಚಿ ನಿದ್ದೆ ಬಂದವರ ಹಾಗೆ ಬಿದ್ದಿರುತ್ತಿದ್ದರು. ನಿದ್ದೆ ಬಂದವರ ಉಸಿರು ಹೇಗಿರುತ್ತದೆಂದು ನನಗೆ ಗೊತ್ತು, ಅದು ನಿದ್ದೆಯಲ್ಲ. ಡಯಾಲಿಸಿಸ್ ತಪ್ಪಿಸುವುದು ನಿಂತಿತು. ಹೇಳಿದ ಹೊತ್ತಿಗಿಂತ ಮೊದಲೇ ಬಂದು ಕೂರುವುದು ಶುರುವಾಯಿತು. ಒಂದು ದಿನ ಟೆಕ್ನಿಷಿಯನ್ ಸೂಜಿ ತೆಗೆಯಲು ಹೋದರೆ ‘ಇನ್ನೊಂಚೂರು ಇರ್ಲಿ, ಏನ್ ಅವಸರ’ ಎಂದರು. ಸೂಜಿ ಇನ್ನೊಂಚೂರು ಇರಲಿ ಎಂದ ರೋಗಿಯನ್ನು ನನ್ನ ಸರ್ವೀಸಿನಲ್ಲೇ ಕಂಡಿರಲಿಲ್ಲ. ಏನೋ ಕದ್ದು ಕುಡಿದು ಬಂದು ಹೆಚ್ಚು ನೀರು ತೆಗೆಸುವ ಹುನ್ನಾರವಿರಬೇಕೆಂದು ತೂಕ ಮತ್ತೆ ನೋಡಿದೆ. ತೂಕ ಸರಿಯಾಗಿತ್ತು. ಅದರಿಂದ ನನ್ನ ಅನುಮಾನ ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ.

ಮಳೆಗಾಲದಲ್ಲಿ ಗೌತಮ್ ತೀರಿಕೊಂಡರು. ಮನೆಯಲ್ಲಿ, ಬೆಳಗಿನ ಕಾಫಿ ಕುಡಿಯುವಾಗ ಹೃದಯ ನಿಂತಿತು. ಡಯಾಲಿಸಿಸ್ ರೋಗಿಗಳಲ್ಲಿ ಇದು ಅಪರೂಪವಲ್ಲ. ಅವರ ಹಾಸಿಗೆಗೆ ಬೇರೆಯವರು ಬಂದರು. ಬಸವಲಿಂಗಪ್ಪನವರು ಮತ್ತೆ ಗೋಡೆಗೆ ತಿರುಗಿದರು. ಮತ್ತೆ ಎರಡು ಸಲ ಬರಲಿಲ್ಲ.

ಮೂರನೆಯ ಸಲ ಮಹೇಶ್ ತಂದೆಯನ್ನು ಹೆಚ್ಚುಕಡಿಮೆ ಎತ್ತಿಕೊಂಡೇ ಬಂದರು. ಸೂಜಿ ಹಾಕಿ ಈಚೆ ಬಂದರೆ ಬಾಗಿಲಲ್ಲಿ ಸುಜಾತಾ ನಿಂತಿದ್ದಾರೆ. ಕೈಯಲ್ಲಿ ಅದೇ ಚೀಲ.

‘ಏನಮ್ಮ ಬಂದ್ರಿ? ಯಾವ್ದಾದ್ರೂ ರಿಪೋರ್ಟ್ ಬೇಕಿತ್ತಾ?’

‘ಇಲ್ಲ ಸಿಸ್ಟರ್. ಯಜಮಾನ್ರಿಗೆ ಓದಿ ಹೇಳೋಣ ಅಂತ. ಪುಸ್ತಕ ಇನ್ನೂ ಮುಗ್ದಿಲ್ಲ.’

ಅಣ್ಣ ತೀರಿ ತಿಂಗಳೂ ಆಗಿಲ್ಲ. ಸಂಬಂಧವಿಲ್ಲ, ಪರಿಚಯವಿಲ್ಲ, ಜಾತಿಯಿಲ್ಲ, ಕೇರಿಯಿಲ್ಲ. ಎರಡು ಬಸ್ಸು ಬದಲಿಸಿ ಬಂದು ಹಣವಂತ ರೋಗಿಯ ಪಕ್ಕ ನಾಲ್ಕು ಗಂಟೆ ಕೂರುತ್ತೇನೆ ಎನ್ನುತ್ತಿದ್ದಾಳೆ. ಪುಸ್ತಕ ಮುಗಿದಿಲ್ಲವಂತೆ! ನನ್ನ ತಲೆಯೊಳಗೆ ಗಂಟೆ ಹೊಡೆಯಿತು.

ಯಾಕೆಂದು ಹೇಳುತ್ತೇನೆ. ನಮ್ಮ ದೇಶದಲ್ಲಿ ಕಿಡ್ನಿ ಮಾರುವುದು ಅಪರಾಧ. ಹತ್ತಿರದ ಸಂಬಂಧಿಗಳು ಕೊಡಬಹುದು. ಸಂಬಂಧಿಗಳಲ್ಲದವರೂ ‘ಪ್ರೀತಿ ವಿಶ್ವಾಸದಿಂದ’ ಕೊಡಬಹುದು, ಆದರೆ ಒಂದು ಸಮಿತಿ ಅವರನ್ನು ಕೂರಿಸಿ ವಿಚಾರಿಸಿ ಒಪ್ಪಬೇಕು. ಈ ಪ್ರೀತಿ ವಿಶ್ವಾಸ ಎಂಬ ಮಾತಿನ ಸಂದಿಯಲ್ಲೇ ದಲ್ಲಾಳಿಗಳು ನುಸುಳುವುದು. ಮೊದಲು ಡಯಾಲಿಸಿಸ್ ಘಟಕಕ್ಕೆ ಒಬ್ಬರು ಸುಮ್ಮನೆ ಬಂದು ಹೋಗುತ್ತಾರೆ. ಸೇವೆ ಮಾಡುತ್ತಾರೆ, ಹಣ್ಣು ತರುತ್ತಾರೆ, ಎಲ್ಲರ ಕಣ್ಣಿಗೂ ಆಪ್ತರಾಗುತ್ತಾರೆ. ನಾಳೆ ಸಮಿತಿ ಕೇಳಿದರೆ ‘ಹೌದು, ಬಹಳ ಪ್ರೀತಿ’ ಎಂದು ಸಾಕ್ಷಿ ಹೇಳಲು ನಮ್ಮಂಥ ಸಿಸ್ಟರುಗಳೇ ಸಿಗುತ್ತಾರೆ. ಇಂಥವರನ್ನು ಗುರುತಿಸಬೇಕೆಂದು ನಮಗೆ ತರಬೇತಿಯಲ್ಲೇ ಹೇಳಿದ್ದರು.

ಯಜಮಾನರನ್ನು ಕೇಳಿದೆ. ‘ಬರ್ಲಿ ಬುಡಿ’ ಎಂದರು. ರೋಗಿ ಒಪ್ಪಿದ ಮೇಲೆ ನಾನು ತಡೆಯುವಂತಿರಲಿಲ್ಲ. ಆದರೆ ಅಂದಿನಿಂದ ನನ್ನ ಟೇಬಲನ್ನು ಅವರ ಹಾಸಿಗೆ ಕಾಣುವ ಹಾಗೆ ಜರುಗಿಸಿಕೊಂಡೆ. ಆಕೆ ಓದುತ್ತಿದ್ದರು. ನಡುವೆ ನಡುವೆ ನಿಲ್ಲಿಸಿ ಇಬ್ಬರೂ ಗುಸುಗುಸು ಮಾತಾಡುತ್ತಿದ್ದರು. ನಾನು ಹತ್ತಿರ ಹೋದರೆ ಮಾತು ನಿಲ್ಲುತ್ತಿತ್ತು. ಕಿವಿಗೆ ಬಿದ್ದಷ್ಟರಲ್ಲಿ ಯಜಮಾನರು ಕೇಳುತ್ತಿದ್ದುದು ಕೇರಿಯ ಬಾವಿ, ಮದುವೆ, ಹಿಟ್ಟು ಇಂಥದ್ದನ್ನೇ. ‘ಇಂಗೂ ಇರ್ತಿತ್ತಾ?’ ಎಂದು ಅವರು, ‘ಇತ್ತು ಯಜಮಾನ್ರೇ, ನಮ್ಮಜ್ಜಿ ಕಾಲ್ದಲ್ಲಿ’ ಎಂದು ಆಕೆ. ‘ನಮ್ ಮಂಡೀಲೂ ಅಂತೋರು ಇದ್ರು. ಮನೆ ಎಲ್ಲಿ ಅಂತ ಒಂದಿನಾನೂ ಕೇಳ್ದೋನಲ್ಲ ನಾನು’ ಎಂದು ಒಮ್ಮೆ ಹೇಳಿದ್ದೂ ಕೇಳಿಸಿತು. ಇದೆಲ್ಲ ನಂಬಿಕೆ ಗಳಿಸುವ ಉಪಾಯ ಎಂದುಕೊಂಡೆ.

ಒಂದು ಬುಧವಾರ ಬಿ.ಪಿ. ನೋಡಲು ಬಗ್ಗಿದಾಗ ಯಜಮಾನರು ಆಕೆಯನ್ನು ಕೇಳುತ್ತಿದ್ದರು: ‘ನಿನ್ ರಕ್ತದ ಗ್ರೂಪ್ ಯಾವ್ದಮ್ಮ?’

‘ಓ ಪಾಸಿಟಿವ್ ಯಜಮಾನ್ರೇ.’

ಓ ಗುಂಪಿನವರ ಕಿಡ್ನಿಯನ್ನು ಯಾವ ರಕ್ತದ ಗುಂಪಿನವರಿಗಾದರೂ ಹೊಂದಿಸಲು ನೋಡಬಹುದು. ಇನ್ನು ಸುಮ್ಮನಿದ್ದರೆ ಕರ್ತವ್ಯಲೋಪವಾಗುತ್ತಿತ್ತು. ಅಂದೇ ಡಾಕ್ಟರಿಗೆ ತಿಳಿಸಿದೆ. ಮಹೇಶರಿಗೂ ಫೋನ್ ಮಾಡಿ, ‘ಹೀಗೊಬ್ಬರು ಬರ್ತಿದ್ದಾರೆ, ನಿಮ್ಮ ಗಮನದಲ್ಲಿರಲಿ’ ಎಂದೆ. ಅದನ್ನು ಹೇಳಿದ್ದಕ್ಕೆ ನನಗೆ ಇವತ್ತಿಗೂ ಪಶ್ಚಾತ್ತಾಪವಿಲ್ಲ. ಅದೇ ಪರಿಸ್ಥಿತಿ ಬಂದರೆ ನಾಳೆಯೂ ಹೇಳುತ್ತೇನೆ.

ಮಹೇಶ್ ಟೈಲ್ಸ್ ಅಂಗಡಿಯವರು, ಒಳ್ಳೆಯವರು, ಗಡಿಬಿಡಿಯ ಸ್ವಭಾವ. ಬಂದವರು ನನ್ನನ್ನು ಮೂಲೆಗೆ ಕರೆದು ಮೊದಲು ಕೇಳಿದ್ದು, ‘ಯಾವ ಕಡೆಯೋರು ಸಿಸ್ಟರ್ ಆಯಮ್ಮ?’ ಎಂದು. ಆ ‘ಕಡೆ’ ಯಾವುದೆಂದು ನಮ್ಮ ಊರಿನಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಹಿನಕಲ್ ಕಡೆಯವರು ಎಂದಷ್ಟೇ ಹೇಳಿದೆ. ಅವರು ಹೊರಗಿನ ಬೆಂಚಿನಲ್ಲಿ ಸುಜಾತಾ ಅವರನ್ನು ಕಂಡು, ದನಿ ಏರಿಸದೆ, ಇನ್ನು ಬರುವುದು ಬೇಡ ಎಂದರು. ಆಕೆ ವಾದ ಮಾಡಲಿಲ್ಲ. ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡು ಹೋದರು. ತಪ್ಪಿಲ್ಲದವರು ಹೀಗೆ ಸುಮ್ಮನೆ ಹೋಗುತ್ತಾರೆಯೇ ಎಂದು ಅದೂ ನನಗೆ ಅನುಮಾನಕ್ಕೇ ಕಾರಣವಾಯಿತು.

ಅದರ ಮುಂದಿನ ವಾರ ಪೂರ್ತಿ ಬಸವಲಿಂಗಪ್ಪನವರು ಡಯಾಲಿಸಿಸ್‌ಗೆ ಬರಲಿಲ್ಲ. ಕೋಣೆಯ ಬಾಗಿಲು ಹಾಕಿಕೊಂಡರು ಎಂದು ಮಹೇಶ್ ಫೋನಿನಲ್ಲಿ ಗೋಳಾಡಿದರು. ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಎಮರ್ಜೆನ್ಸಿಯಿಂದ ಕರೆ ಬಂತು. ಓಡಿ ಹೋದೆ. ಕಾಲು, ಮುಖ ಊದಿಕೊಂಡಿದ್ದವು. ಶ್ವಾಸಕೋಶದಲ್ಲಿ ನೀರು ಗೊರಗುಟ್ಟುತ್ತಿತ್ತು. ಆಕ್ಸಿಜನ್ ಹಾಕಿ ಕೂರಿಸಿದ್ದರು. ಪೊಟ್ಯಾಸಿಯಂ ಹೃದಯಕ್ಕೆ ಅಪಾಯವಾಗುವ ಮಟ್ಟಕ್ಕೆ ಏರಿತ್ತು. ಕೂಡಲೇ ಯಂತ್ರಕ್ಕೆ ಹಾಕದಿದ್ದರೆ ಮಧ್ಯಾಹ್ನ ಕಾಣುವುದು ಕಷ್ಟ ಎಂದು ಡಾಕ್ಟರು ಮಗನಿಗೆ ನೇರವಾಗಿ ಹೇಳಿದರು.

ಯಜಮಾನರಿಗೆ ಪ್ರಜ್ಞೆ ಸರಿಯಾಗಿಯೇ ಇತ್ತು. ಫಿಸ್ಟುಲಾ ಇದ್ದ, ಎಂದರೆ ಸೂಜಿ ಚುಚ್ಚಲು ಅಣಿಮಾಡಿದ್ದ ತೋಳನ್ನು ಶಲ್ಯದೊಳಗೆ ಸೇರಿಸಿಕೊಂಡು ‘ಬ್ಯಾಡ’ ಎಂದರು. ಪ್ರಜ್ಞೆಯಿರುವ ರೋಗಿ ಬೇಡವೆಂದರೆ ಬಲವಂತದಿಂದ ಚುಚ್ಚಲು ನಮಗೆ ಅಧಿಕಾರವಿಲ್ಲ. ಮಹೇಶ್ ಕಾಲು ಹಿಡಿದುಕೊಂಡು ಅತ್ತರು. ನಾನೂ ಕೈಮುಗಿದೆ. ಆಗ ಅವರು ಆಕ್ಸಿಜನ್ ಮಾಸ್ಕನ್ನು ಸರಿಸಿ, ಒಂದೊಂದೇ ಮಾತನ್ನು ಉಸಿರಿನೊಳಗಿಂದ ಎಳೆದು ಹೇಳಿದರು:

‘ಆ ಹೆಣ್ಮಗ್ಳು... ನಂಗೆ ಮೋಸ ಮಾಡವ್ಳೆ. ಕರ್ಸಿ ಅವ್ಳನ್ನ.’

ಮಹೇಶ್ ನನ್ನ ಮುಖ ನೋಡಿದರು. ‘ನಾನು ಹೇಳಲಿಲ್ವಾ ಸಿಸ್ಟರ್?’ ಎಂದರು. ಹೇಳಿದ್ದು ನಾನು, ಇರಲಿ. ಏನೋ ಬರೆಸಿಕೊಂಡಿದ್ದಾಳೆ, ಇಲ್ಲವೇ ಏನೋ ಆಸೆ ತೋರಿಸಿ ಕೈಕೊಟ್ಟಿದ್ದಾಳೆ ಎಂದೇ ಇಬ್ಬರೂ ತಿಳಿದೆವು. ಗೌತಮ್ ಅವರ ಫೈಲಿನಲ್ಲಿದ್ದ ನಂಬರಿಗೆ ಫೋನ್ ಮಾಡಿದೆ. ಸುಜಾತಾ ಆಟೋ ಮಾಡಿಕೊಂಡು ಬಂದರು. ಹೆಗಲ ಮೇಲೆ ಅಳತೆಯ ಟೇಪು ಹಾಗೇ ಇತ್ತು. ಚೀಲವೂ ಇತ್ತು.

ಯಜಮಾನರು ಅವರನ್ನು ಕಂಡೊಡನೆ ಕೇಳಿದ್ದು ಇದು: ‘ಈರಮ್ಮನ ಗಂಡ ಎಲ್ಲೋದ?’

ಎಮರ್ಜೆನ್ಸಿಯಲ್ಲಿ ನಿಂತಿದ್ದ ಡಾಕ್ಟರು, ನಾನು, ಮಹೇಶ್ ಮೂವರೂ ಬೆಪ್ಪಾದೆವು. ಯಜಮಾನರಿಗೆ ತಲೆ ಕೆಟ್ಟಿತೆಂದು ಡಾಕ್ಟರು ಟಾರ್ಚಿಗೆ ಕೈಹಾಕಿದರು. ಸುಜಾತಾ ಮಾತ್ರ ತಲೆ ತಗ್ಗಿಸಿದರು.

‘ಮಂಡಿಗೆ ಹೋಯ್ತಾನೆ ಅಂತ ನೀ ಓದ್ದೆ. ಆಮೇಕೆ ಅವ್ನ ಸುದ್ದೀನೇ ಇಲ್ಲ. ಮಕ್ಳು ದೊಡ್ಡೋರಾದ್ರು, ಮಗ್ಳು ಇಸ್ಕೂಲ್ಗೆ ಹೋದ್ಲು... ಗಂಡ ಎಲ್ಲೋದ? ನೀ ಹಾಳೆ ಹಾರ್ಸಿದ್ದು... ನಂಗೆ ಕೇಳ್ಸ್ತು. ಎರಡೆರಡು ಹಾಳೆ ಒಟ್ಗೆ ತಿರುವಿದ್ರೆ ಸದ್ದೇ ಬ್ಯಾರೆ.’

‘ಹಾರಿಸ್ದೆ ಯಜಮಾನ್ರೇ’ ಎಂದರು ಸುಜಾತಾ. ‘ಸೂಜಿ ಇರೋವಾಗ ಕೆಟ್ಟ ಸುದ್ದಿ ಹೇಳ್ಬಾರ್ದು ಅಂತ ಸಿಸ್ಟರ್ ಮೊದಲನೇ ದಿನಾನೇ ಹೇಳಿದ್ರು. ಅದಕ್ಕೆ ಅಣ್ಣನಿಗೂ ಸಾವು ಬಂದ ಕಡೆ ಓದ್ತಿರ್ಲಿಲ್ಲ. ನಾನೊಬ್ಳೇ ಮನೇಲಿ ಮೊದ್ಲು ಓದಿ ಗುರುತು ಮಾಡ್ಕೊಂಡು ಬರ್ತಿದ್ದೆ.’

ಕಾದಂಬರಿಯ ಸಾವಿಗೂ ನನ್ನ ನಿಯಮ ಅನ್ವಯಿಸುತ್ತದೆಂದು ನಾನು ಯಾವತ್ತೂ ಹೇಳಿರಲಿಲ್ಲ. ಆದರೆ ಆ ಕೋಣೆಯಲ್ಲಿ ಕೂತವರು ಬೇರೆ ಹೇಗೆ ತಿಳಿದುಕೊಳ್ಳಬೇಕಿತ್ತು? ಯಜಮಾನರು ಆಗ ನನ್ನ ಕಡೆ ತಿರುಗಿದರು. ಅವರ ಕಣ್ಣಲ್ಲಿ ಸಿಟ್ಟಿತ್ತು.

‘ಎಲ್ರೂ ಸೇರ್ಕಂಡು... ಸಾವ ನನ್ನಿಂದ ಮುಚ್ಚಿಡ್ತೀರಿ’ ಎಂದರು.

ಮುಳ್ಳು ಎಲ್ಲಿ ನೆಟ್ಟಿದೆ ಎಂಬುದು ಆಗ ನನಗೆ ಕಂಡಿತು. ವ್ಯಾಪಾರಸ್ಥರಿಗೆ ವ್ಯಾಪಾರವೇ ಮದ್ದು ಎಂದುಕೊಂಡೆ. ‘ಯಜಮಾನ್ರೇ, ಆ ಹಾಳೆಗಳನ್ನ ಇವತ್ತೇ ಓದಿಸ್ತೀನಿ. ಒಂದಕ್ಷರ ಬಿಡೋ ಹಾಗಿಲ್ಲ. ಆದ್ರೆ ಮೊದಲು ಸೂಜಿ, ಆಮೇಲೆ ಪುಸ್ತಕ’ ಎಂದೆ. ಅವರು ನನ್ನನ್ನೇ ನೋಡಿದರು. ನಾನು ತೂಕದಲ್ಲಿ ಕಡಿಮೆ ಕೊಡುವವಳೋ ಅಲ್ಲವೋ ಎಂದು ಅಳೆಯುತ್ತಿದ್ದರು. ಆಮೇಲೆ ಶಲ್ಯದೊಳಗಿಂದ ತೋಳು ಹೊರಗೆ ಬಂತು.

ನಮ್ಮ ಘಟಕಕ್ಕೆ ತಂದು ಯಂತ್ರಕ್ಕೆ ಹಾಕಿ ಎರಡು ಗಂಟೆ ಕಳೆಯುವ ಹೊತ್ತಿಗೆ ಉಸಿರು ಹದಕ್ಕೆ ಬಂತು. ಮಾನಿಟರಿನಲ್ಲಿ ಹೃದಯದ ಗೆರೆ ಸರಿಯಾಯಿತು. ಯಜಮಾನರು ಸುಜಾತಾ ಕಡೆ ನೋಡಿ ‘ಹೂಂ, ಓದು’ ಎಂದರು. ನಾನು ಬಿ.ಪಿ. ಪಟ್ಟಿಯನ್ನು ಇನ್ನೊಂದು ತೋಳಿಗೆ ಕಟ್ಟಿಯೇ ಇಟ್ಟು, ಹಾಸಿಗೆಯ ತಲೆಭಾಗ ತಗ್ಗಿಸುವ ಹಿಡಿ ಕೈಯಲ್ಲಿ ಹಿಡಿದು ನಿಂತೆ. ಸುಜಾತಾ ಓದಿದರು. ಆ ದಿನ ನಾನು ಮೊದಲ ಸಲ ನಿಜವಾಗಿ ಕೇಳಿಸಿಕೊಂಡೆ.

ಕಥೆಯಲ್ಲಿ ಆದದ್ದು ಇಷ್ಟು. ಈರಮ್ಮನ ಗಂಡನ ಮೇಲೆ ಮಂಡಿಯಲ್ಲಿ ಮೂಟೆಗಳ ಸಾಲು ಜರಿದು ಬಿದ್ದು ಅವನು ಸಾಯುತ್ತಾನೆ. ಅಂದು ಸಂತೆಯ ಲಾರಿಗಳು ಸಾಲಾಗಿ ನಿಂತಿರುತ್ತವೆ. ವಿಷಯ ತಿಳಿದರೆ ಉಳಿದ ಹಮಾಲಿಗಳು ಕೆಲಸ ಬಿಟ್ಟಾರೆಂದು ಮಂಡಿಯ ಸಾಹುಕಾರ ಹೆಣದ ಮೇಲೆ ಗೋಣಿ ಹೊದಿಸಿ, ಲಾರಿಗಳೆಲ್ಲ ಖಾಲಿಯಾಗುವವರೆಗೆ ಕಾಯುತ್ತಾನೆ. ಈರಮ್ಮ ಅದೇ ಮಂಡಿಯ ಹಿಂದಿನ ಅಂಗಳದಲ್ಲಿ ಕಾಳು ಕೇರುತ್ತಿರುತ್ತಾಳೆ. ಮಧ್ಯಾಹ್ನ ಬುತ್ತಿ ಬಿಚ್ಚಿ ಗಂಡನ ಪಾಲು ಎತ್ತಿಟ್ಟು ಉಣ್ಣುತ್ತಾಳೆ. ಸಂಜೆ ಕೂಲಿಗೆ ಕೈಚಾಚಿದಾಗ ಹೇಳುತ್ತಾರೆ. ಅವಳು ಅಳುವುದಿಲ್ಲ. ‘ನಾನು ಉಣ್ತಿದ್ದಾಗ ಅವ್ನು ಸತ್ತಿದ್ನಾ?’ ಎಂದು ಮಾತ್ರ ಕೇಳುತ್ತಾಳೆ. ಯಾರೂ ಉತ್ತರ ಕೊಡುವುದಿಲ್ಲ.

ಸುಜಾತಾ ನಿಲ್ಲಿಸಿದರು. ಆಕೆ ಆ ಹಾಳೆಗಳನ್ನು ಹಾರಿಸಿದ್ದಕ್ಕೆ ನನ್ನ ನಿಯಮವೊಂದೇ ಕಾರಣವಲ್ಲ ಎಂದು ಆಗ ನನಗೆ ಅರ್ಥವಾಯಿತು. ಕೇಳುತ್ತಿದ್ದವರು ಮಂಡಿಯ ಸಾಹುಕಾರರಲ್ಲವೇ!

‘ನಾನಾಗಿದ್ರೂ ಅಂಗೇ ಮಾಡ್ತಿದ್ದೆ’ ಎಂದರು ಬಸವಲಿಂಗಪ್ಪನವರು. ಆಮೇಲೆ ಅವರು ನನ್ನನ್ನು ಕೇಳಿದರು:

‘ಸಿಸ್ಟರ್, ಗುರುಸಿದ್ದಿ ಹೋದಾಗ ನಾನೇನ್ ಮಾಡ್ತಿದ್ದೆ?’

ತೋಳಿನಲ್ಲಿ ಸೂಜಿ ಇತ್ತು. ನಿಯಮ ನನ್ನದೇ. ಬಿ.ಪಿ. ನೋಡಿದೆ, ತಡೆಯುವಂತಿತ್ತು. ಹೇಳಿದೆ. ಟಿ.ವಿ.ಯಲ್ಲಿ ಅಡುಗೆ ಕಾರ್ಯಕ್ರಮ ನೋಡುತ್ತಿದ್ದಿರಿ, ಯಾರೋ ಬದನೆಕಾಯಿ ಹುರಿಯುತ್ತಿದ್ದರು, ‘ಎಣ್ಣೆ ಜಾಸ್ತಿ ಆಯ್ತು’ ಎಂದು ನನಗೆ ತೋರಿಸಿ ನಕ್ಕಿರಿ ಎಂದೆ. ಫೋನು ಅದಕ್ಕೂ ಮೊದಲೇ ಬಂದಿತ್ತು, ನಾನೂ ನಿಮ್ಮ ಜೊತೆ ನಕ್ಕೆ, ನಕ್ಕು ಒಳಗೆ ಹೋಗಿ ಮುಖ ತೊಳೆದುಕೊಂಡು ಬಂದೆ ಎಂದೂ ಹೇಳಿದೆ. ಅವರು ಇನ್ನೂ ಕೇಳಿದರು. ಮಗ ಏನೆಂದ, ಅವನ ದನಿ ಹೇಗಿತ್ತು, ಡಾಕ್ಟರು ಏನಂದರು. ಎಲ್ಲಕ್ಕೂ ಉತ್ತರ ಕೊಟ್ಟೆ. ಆಗ ಅವರು ಅತ್ತರು. ದೊಡ್ಡ ದನಿಯಲ್ಲಿ, ಮಕ್ಕಳ ಹಾಗೆ, ಅಕ್ಕಪಕ್ಕದ ಹಾಸಿಗೆಯವರೆಲ್ಲ ಕೇಳುವ ಹಾಗೆ ಅತ್ತರು. ಬಿ.ಪಿ. ಬಿತ್ತು, ತಲೆಭಾಗ ತಗ್ಗಿಸಿದೆ, ಸಲೈನ್ ಬಿಟ್ಟೆ, ಮತ್ತೆ ಏರಿತು. ಬಾಗಿಲಲ್ಲಿ ನಿಂತಿದ್ದ ಮಹೇಶ್ ಒಳಗೆ ಬಂದು ತಂದೆಯ ಪಾದ ಹಿಡಿದು ನಿಂತರು. ನನಗೂ ಅಳು ಬಂತು. ಮಾಸ್ಕ್ ಇದ್ದದ್ದು ಒಳ್ಳೆಯದಾಯಿತು.

ಸ್ವಲ್ಪ ಸುಧಾರಿಸಿಕೊಂಡ ಮೇಲೆ ಯಜಮಾನರು ಸುಜಾತಾ ಅವರನ್ನು ಕೇಳಿದರು: ‘ನಿಮ್ಮಣ್ಣ ಎಂಗೋದ್ನವ್ವ? ನಾನು ಕೇಳೇ ಇಲ್ಲ.’

ಆಕೆ ಹೇಳಿದರು. ಕಾಫಿ ಲೋಟ ಕೈಯಿಂದ ಜಾರಿದ್ದು, ಬಿಳಿ ಬಟ್ಟೆ ಹೊದಿಸಿದ್ದು, ಮೇಣದ ಬತ್ತಿ ಹಚ್ಚಿ ಬುದ್ಧವಂದನೆ ಹೇಳಿದ್ದು. ‘ಅಳ್ಬೇಡ ಅಂತ ಎಲ್ರೂ ಅಂದ್ರು. ಅಳದಿದ್ರೆ ಎಂಗೆ?’ ಎಂದರು. ಯಜಮಾನರು ತಮ್ಮವರಲ್ಲಿ ಹೇಗೆ ಕೂರಿಸುತ್ತಾರೆ, ಅಂಗೈಯಲ್ಲಿ ಇಷ್ಟಲಿಂಗವಿಟ್ಟು ಹೇಗೆ ಸಮಾಧಿ ಮಾಡುತ್ತಾರೆ ಎಂದು ಹೇಳಿದರು. ಇಬ್ಬರೂ ತಮ್ಮ ತಮ್ಮ ಮನೆಯ ಸಾವನ್ನು ಬಿಡಿಸಿ ಬಿಡಿಸಿ ಒಬ್ಬರಿಗೊಬ್ಬರು ಹೇಳಿಕೊಂಡರು.

ನಾನು ಬಿಟ್ಟೇನೇ? ಯಂತ್ರ ನಿಂತ ಮೇಲೆ ಸುಜಾತಾ ಅವರನ್ನು ಪಕ್ಕಕ್ಕೆ ಕರೆದು ಕೇಳಿದೆ, ‘ನಿಮಗೇನಮ್ಮ ಇದರಲ್ಲಿ ಲಾಭ?’

‘ಮನೇಲಿ ಒಬ್ಳೇ ಓದಕ್ಕೆ ಹೋದ್ರೆ ದನಿ ಏಳಲ್ಲ ಸಿಸ್ಟರ್. ಇದು ಅಣ್ಣ ಕೇಳ್ತಿದ್ದ ಕಥೆ. ಅವ್ನ ಜೊತೆ ಇದನ್ನ ಕೇಳಿದೋರು ಅಂತ ಭೂಮಿ ಮೇಲೆ ಇರೋದು ಇವರೊಬ್ರೇ.’

ಲಾಭವಿಲ್ಲದೆ ಯಾರೂ ಬರುವುದಿಲ್ಲ ಎಂದು ನಾನು ತಿಳಿದಿದ್ದು ಸರಿಯೇ ಆಗಿತ್ತು. ಲಾಭ ಯಾವುದೆಂದು ಮಾತ್ರ ನನಗೆ ಊಹೆಯೂ ಇರಲಿಲ್ಲ. ರಕ್ತದ ಗುಂಪಿನ ವಿಷಯವನ್ನು ಯಜಮಾನರನ್ನೇ ಕೇಳಿದೆ. ‘ಕಿಡ್ನಿ ಮಾರಕ್ಕೆ ಬಂದವ್ಳಾ ಅಂತ ಪರೀಕ್ಷೆ ಮಾಡ್ದೆ. ಮಾರೋಳಾಗಿದ್ರೆ ಮಾತು ಮುಂದುವರಿಸ್ತಿದ್ಲು. ಇವಳು ಗ್ರೂಪ್ ಹೇಳಿ ಕಥೆ ಓದಕ್ಕೆ ಹೋದ್ಲು. ಅನುಮಾನ ನಿಮಗೊಬ್ರಿಗೇ ಬರ್ತದೆ ಅಂದ್ಕಂಡ್ರಾ ಸಿಸ್ಟರ್? ಮಂಡಿ ನಡ್ಸಿದೋನು ಕಣ್ರೀ ನಾನು’ ಎಂದು ನಕ್ಕರು.

ಆ ಪುಸ್ತಕ ಮುಗಿಯಿತು. ಇನ್ನೊಂದು ಶುರುವಾಯಿತು, ಅದಾದ ಮೇಲೆ ಮತ್ತೊಂದು. ಈ ಸಲ ಮಠದ ಊರೊಂದರ ವ್ಯಾಪಾರಿ ಮನೆತನದ ಕಥೆ. ಪ್ರಶ್ನೆ ಕೇಳುವ ಸರದಿ ಸುಜಾತಾ ಅವರದು, ‘ಇಂಗೂ ಇರ್ತಿತ್ತಾ ಯಜಮಾನ್ರೇ?’ ಎಂದು. ಯಜಮಾನರು ಒಂದು ಡಯಾಲಿಸಿಸ್ಸನ್ನೂ ತಪ್ಪಿಸಲಿಲ್ಲ. ಕಾದಂಬರಿ ಕಿಡ್ನಿ ಸರಿಮಾಡುತ್ತದೆಂದು ನಾನು ಹೇಳಲಾರೆ, ಹೇಳುವವರನ್ನು ನಂಬುವುದೂ ಇಲ್ಲ. ಆದರೆ ತನ್ನ ದುಃಖದ ಹೆಸರು ಹೇಳಲಾರದ ಮನುಷ್ಯ ಎಲ್ಲಿಯೂ ಇಲ್ಲದ ಈರಮ್ಮನ ದುಃಖವನ್ನು ಗುರುತಿಸಿ, ಆ ಬಾಗಿಲಿನಿಂದ ತನ್ನ ಮನೆಗೆ ತಾನೇ ಹೊಕ್ಕಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಸಲಹೆಗಾರ್ತಿಯ ಪ್ರಶ್ನೆಗೆ ಸಿಕ್ಕದ್ದು ಸುಳ್ಳು ಕಥೆಗೆ ಸಿಕ್ಕಿತು.

ನಮ್ಮ ನಿಯಮವನ್ನೂ ತಿದ್ದಿದೆವು. ಹೊಸ ರೋಗಿ ಬಂದಾಗ, ನೀವು ಯಂತ್ರದ ಮೇಲಿರುವಾಗ ಮನೆಯಿಂದ ಕೆಟ್ಟ ಸುದ್ದಿ ಬಂದರೆ ಆಗಲೇ ಹೇಳಬೇಕೋ ಆಮೇಲೆ ಹೇಳಬೇಕೋ ಎಂದು ಅವರನ್ನೇ ಕೇಳತೊಡಗಿದೆವು. ಆಮೇಲೆ ಎಂದವರೂ ಇದ್ದಾರೆ. ‘ನಮ್ಮೋಳನ್ನ ಕೇಳಿ ಹೇಳ್ತೀನಿ’ ಎಂದವರೂ ಇದ್ದಾರೆ. ಆಗಲೇ ಹೇಳಿ ಎಂದವರೇ ಹೆಚ್ಚು. ರೋಗಿಯ ರಕ್ತ ನಮ್ಮ ಯಂತ್ರದಲ್ಲಿ ಹರಿಯುತ್ತಿರುವಾಗಲೂ ಅವರ ಸುದ್ದಿ ಅವರದೇ ಎಂಬುದನ್ನು ಈ ವೃತ್ತಿ ನನಗೆ ಕಲಿಸಿತು, ಕೊಂಚ ತಡವಾಗಿ.

ನನ್ನ ನಿವೃತ್ತಿಯ ತಿಂಗಳು. ಅಂದು ಯಜಮಾನರ ಡಯಾಲಿಸಿಸ್ ಇತ್ತು. ಸುಜಾತಾ ಮೊದಲೇ ಬಂದು ಕುರ್ಚಿಯಲ್ಲಿ ಕೂತು ಪುಸ್ತಕ ಬಿಚ್ಚಿ ಕಾಯುತ್ತಿದ್ದರು. ಮಹೇಶ್ ಫೋನ್ ಮಾಡಿದರು. ಯಜಮಾನರು ಬೆಳಗಿನ ಜಾವ ಹೇಗೆ ಹೋದರೆಂದು ತಡೆತಡೆದು ಹೇಳಿ, ‘ಆಯಮ್ಮಂಗೆ ನೀವೇ ಹೇಳ್ಬುಡಿ ಸಿಸ್ಟರ್’ ಎಂದರು. ನಾನು ಫೋನಿಟ್ಟು ಸುಜಾತಾ ಅವರ ಹತ್ತಿರ ಹೋಗಿ, ಯಜಮಾನರಿಗೆ ಹುಷಾರಿಲ್ಲ, ಇವತ್ತು ಬರುವುದಿಲ್ಲ ಎಂದು ಶುರುಮಾಡಿದೆ. ಸುಜಾತಾ ನನ್ನ ಮುಖ ನೋಡಿದರು. ಪಕ್ಕದ ಸ್ಟೂಲನ್ನು ನನ್ನತ್ತ ಎಳೆದರು.

‘ಕೂತ್ಕಳಿ ಸಿಸ್ಟರ್’ ಎಂದರು. ‘ಎಲ್ಲಾನೂ ಹೇಳಿ.’

ನಾನು ಕೂತುಕೊಂಡು ಹೇಳಿದೆ.